ಕಾಲ ಬದಲಾದಾಗ ಬರೋ ತಲೆನೋವು: ಮಳೆ ಮೇಲೆ ಹಾಕಿ ಸುಮ್ನಿರೋದು ಸಾಕು

ರೋಹಿಣಿ ಮಳೆ ಎರಡು ಸಲ ಚೆನ್ನಾಗಿ ಹುಯ್ತು. ಹೊಲ ಹದಕ್ಕೆ ಬಂದಿದೆ. ಸಣ್ಣ ಈರುಳ್ಳಿ ಕೀಳೋಕೆ ಇನ್ನು ಹದಿನೈದು ದಿನ ಇರಬಹುದು, ಚೆಂಡು ಹೂವಿನ ಗಿಡ ಮೊಗ್ಗು ಕಟ್ತಾ ಇದೆ. ಇವತ್ತು ಈರುಳ್ಳಿ ವಿಷಯ ಬರೆಯೋಣ ಅಂತಲೇ ಕೂತಿದ್ದೆ. ಆದರೆ ನಿನ್ನೆ ಸಂಜೆ ಕೇಳಿದ ಒಂದು ಮಾತು ಮನಸ್ಸಿಂದ ಹೋಗ್ತಾ ಇಲ್ಲ. ಅದನ್ನೇ ಬರೀತೀನಿ. ಈರುಳ್ಳಿ ಮುಂದಿನ ವಾರ.

ಪಕ್ಕದ ಹೊಲದವರ ಮನೆಗೆ ಟಿಲ್ಲರ್ ಕೇಳೋಕೆ ಹೋಗಿದ್ದೆ. ಹಗಲು ಹೊತ್ತಲ್ಲೇ ಒಳಗಿನ ಕೋಣೆ ಕತ್ತಲೆ, ಕಿಟಕಿಗೆ ಕಂಬಳಿ ಕಟ್ಟಿದ್ದಾರೆ. ಚಿಕ್ಕ ಕೂಸು ಹಜಾರದಲ್ಲಿ ಒಂದೇ ಸಮ ಅಳ್ತಾ ಇದೆ, ಅವರವ್ವ ಎದ್ದು ಬರ್ತಾ ಇಲ್ಲ. ಯಾಕಪ್ಪ ಅಂತ ಕೇಳಿದೆ. "ಏನಿಲ್ಲ ಕನಣ್ಣ, ಅವಳಿಗೆ ತಲನೋವು. ಮಳ ಹಿಡೀತಲ್ಲ, ಕಾಲ ಬದಲಾಯ್ತ ಅದ. ವರ್ಸವರ್ಸನೂ ಹಿಂಗೇ. ಎರಡು ದಿನ ಮಲಗಿದ್ರ ತಾನಾಗೇ ಹೋಯ್ತದ" ಅಂದ.

ಅವನ ಮೇಲೆ ಸಿಟ್ಟು ಬಂತು. ಆಮೇಲೆ ನನ್ನ ಮೇಲೇ ಬಂತು. ಯಾಕೆ ಅಂದ್ರೆ ಹದಿನೆಂಟು ವರ್ಷ ನಾನೂ ಇದೇ ಮಾತು ಹೇಳ್ಕೊಂಡು ಓಡಾಡಿದವನು.

ನಮ್ಮ ಮನೆಯವಳಿಗೆ ಈ ತಲೆನೋವು ಮದುವೆಯಾಗಿ ಬಂದಾಗಲೇ ಇತ್ತು. ಅವರವ್ವನಿಗೂ ಇತ್ತಂತೆ. ಮೊದಲು ಕತ್ತು ಬಿಗಿಯೋದು, ಸುಮ್ಮಸುಮ್ಮನೆ ಆಕಳಿಕೆ. ಒಂದು ಗಂಟೆಯಲ್ಲಿ ಎಡಗಡೆ ಕಿವಿ ಮೇಲ್ಗಡೆ, ಕಣ್ಣಿನ ಹಿಂದ್ಗಡೆ ನಾಡಿ ಹೊಡೆದ ಹಾಗೆ ಹೊಡ್ಕೊಳ್ಳೋದು. ಬೆಳಕು ಆಗಲ್ಲ, ಸದ್ದು ಆಗಲ್ಲ, ಒಗ್ಗರಣೆ ವಾಸನೆ ಬಂದ್ರೆ ವಾಂತಿ. "ಲೈಟ್ ಆರಿಸ್ಬುಡಿ, ಯಾರೂ ಮಾತಾಡಬ್ಯಾಡಿ" ಅಂತ ಹೇಳಿ ಸೆರಗಿನಿಂದ ತಲೆ ಬಿಗಿದು ಕಟ್ಕೊಂಡು ಮಲಗೋಳು. ಒಂದು ದಿನ, ಕೆಲವು ಸಲ ಮೂರು ದಿನ. ಎದ್ದ ಮೇಲೂ ಒಂದು ದಿನ ಮಂಕು ಬಡಿದ ಹಾಗೆ ಇರೋಳು.

ನಾನೇನು ಅಂದ್ಕೊಂಡಿದ್ದೆ ಅಂತ ಮುಚ್ಚಿಡದೆ ಹೇಳ್ತೀನಿ. ಕಳೆ ತೆಗೆಯೋ ಹೊತ್ತಿಗೇ, ಹೂ ಕೀಳೋ ಹೊತ್ತಿಗೇ ಯಾಕೆ ಬರುತ್ತೆ ಇವಳಿಗೆ ತಲೆನೋವು ಅಂತ ಅನ್ಕೊಂಡಿದ್ದೆ. ಒಂದೆರಡು ಸಲ ಬಾಯಿ ಬಿಟ್ಟು ಅಂದೂ ಬಿಟ್ಟಿದ್ದೀನಿ, ಆಳುಗಳ ಮುಂದೆ. ಅವಳು ಏನೂ ಹೇಳಲಿಲ್ಲ. ಮಾರನೇ ದಿನ ಮಾತ್ರೆ ನುಂಗಿ ಹೊಲಕ್ಕೆ ಬಂದಳು. ಮಾತ್ರೆ ಲೆಕ್ಕ ಹೆಚ್ಚಾಗಿದ್ದು ಅಲ್ಲಿಂದಲೇ ಅಂತ ನನಗೆ ಈಗ ಅನ್ಸುತ್ತೆ.

ಮದ್ದು ಮಾಡದೆ ಇರಲಿಲ್ಲ ನಾವು. ಪಿತ್ತ ಅಂದ್ರು, ನಿಂಬೆಹಣ್ಣಿನ ಪಾನಕ ಕುಡಿಸಿದ್ವಿ. ಶೀತ ಅಂದ್ರು, ಶುಂಠಿ ತೇಯ್ದು ಹಣೆಗೆ ಹಚ್ಚಿದ್ವಿ. ದೃಷ್ಟಿ ತೆಗೆಸಿದ್ವಿ, ತಾಯತ ಕಟ್ಟಿಸಿದ್ವಿ. ಕಣ್ಣು ಪರೀಕ್ಷೆ ಮಾಡಿಸಿ ಕನ್ನಡಕ ಹಾಕಿಸಿದ್ವಿ. ಇವುಗಳಲ್ಲಿ ಪಾನಕದಿಂದ, ಶುಂಠಿಯಿಂದ ಕೆಡುಕೇನೂ ಇಲ್ಲ, ಹೊಟ್ಟೆ ತೊಳಸೋದಕ್ಕೆ ಶುಂಠಿ ಸ್ವಲ್ಪ ಆಸರೆಯೇ. ಬರೆ ಹಾಕಿಸೋಣ ಅಂತಲೂ ಒಬ್ಬರು ಹೇಳಿದ್ರು. ಪುಣ್ಯಕ್ಕೆ ನಮ್ಮವ್ವ ಅದಕ್ಕೆ ಬಿಡಲಿಲ್ಲ.

ಕೆಟ್ಟದ್ದು ಮಾಡಿದ್ದು ಅಂಗಡಿ ಮಾತ್ರೆ. ಯಾವ ಊರಿನ ಯಾವ ಅಂಗಡಿ ಅಂತ ಹೇಳಲ್ಲ, ತಪ್ಪು ನಮ್ಮದೂ ಇತ್ತು. "ತಲೆನೋವಿಗೆ ಕೊಡಿ" ಅಂದ್ರೆ ಒಂದು ಪಟ್ಟಿ ಕೊಡೋರು. ಮೂರು ನಾಲ್ಕು ಔಷಧ ಒಂದರಲ್ಲೇ ಸೇರಿರೋ ಮಾತ್ರೆ. ನುಂಗಿದ ಅರ್ಧ ಗಂಟೆಗೆ ಹೋಗೋದು. ಮೊದಲು ತಿಂಗಳಿಗೆ ಎರಡು ಮಾತ್ರೆ, ಆಮೇಲೆ ವಾರಕ್ಕೆ ಎರಡು, ಕೊನೆಗೆ ಕೊಟ್ಟಿಗೆ ಕೆಲಸಕ್ಕೆ ಮುಂಚೆ ದಿನಕ್ಕೊಂದು. ಸೀರೆ ಗಂಟಿನಲ್ಲಿ ಕಾಸಿರುತ್ತೋ ಇಲ್ಲವೋ, ಮಾತ್ರೆ ಮಾತ್ರ ಇರೋದು. ತಲೆನೋವು ಕಡಿಮೆಯಾಯ್ತಾ? ಇಲ್ಲ. ಮಳೆಗಾಲ ಹಿಡಿಯುವಾಗ ಮಾತ್ರ ಬರ್ತಿದ್ದದ್ದು ವರ್ಷಪೂರ್ತಿ ಬರೋಕೆ ಶುರುವಾಯ್ತು.

2019ರ ಫೆಬ್ರವರಿಯಲ್ಲಿ ಬಂಡೀಪುರದ ಕಾಡಿಗೆ ಬೆಂಕಿ ಬಿದ್ದದ್ದು ನಿಮಗೆಲ್ಲ ನೆನಪಿರುತ್ತೆ. ಗೋಪಾಲಸ್ವಾಮಿ ಬೆಟ್ಟದ ಕಡೆಯಿಂದ ಹೊಗೆ ಏಳ್ತಿತ್ತು. ಆ ವಾರ ಅವಳು ಐದು ದಿನ ಏಳಲೇ ಇಲ್ಲ. ಅದಾದ ಮೇಲೆ ನಮ್ಮ ಮಗ ಹಠ ಹಿಡಿದು ಮೈಸೂರಿನಲ್ಲಿ ನರಗಳ ಡಾಕ್ಟ್ರ ಹತ್ತಿರ ಕರ್ಕೊಂಡು ಹೋದ. ಡಾಕ್ಟ್ರಮ್ಮ ಸ್ಕ್ಯಾನಿಂಗ್ ಬರೆಯೋದಕ್ಕೆ ಮುಂಚೆ ಕೇಳಿದ್ದು ಒಂದೇ ಪ್ರಶ್ನೆ. "ತಿಂಗಳಿಗೆ ಎಷ್ಟು ದಿನ ಮಾತ್ರೆ ತಗೋತೀರಿ?" ನಾನು ನಾಲ್ಕೈದು ಅಂದೆ. ಅವಳು ತಲೆ ತಗ್ಗಿಸಿ "ಇಪ್ಪತ್ತರ ಮೇಲೇ ಆಯ್ತದ" ಅಂದಳು. ಒಂದೇ ಮನೆಯಲ್ಲಿದ್ದು ನನಗೆ ಗೊತ್ತಿರಲಿಲ್ಲ.

ಅವತ್ತು ಡಾಕ್ಟ್ರು ಹೇಳಿದ್ದನ್ನ ನಮ್ಮ ಮಾತಿನಲ್ಲಿ ಹೇಳ್ತೀನಿ, ಯಾಕಂದ್ರೆ ಇದು ನಮ್ಮ ತಾಲ್ಲೂಕಿನಲ್ಲಿ ಬಹಳ ಮನೆಗೆ ಬೇಕಾದ ಮಾತು. ಇದರ ಹೆಸರು ಮೈಗ್ರೇನ್. ಅರೆತಲೆನೋವು ಅಂತೀವಲ್ಲ, ಅದೇ. ಇದು ಮಿದುಳಿಗೆ ಸಂಬಂಧಪಟ್ಟ ಕಾಯಿಲೆ, ವಂಶದಲ್ಲಿ ಬರುತ್ತೆ, ಕಳ್ಳಾಟ ಅಲ್ಲ. ಮದ್ದು ಕೊಡದೆ ಬಿಟ್ಟರೆ ಒಂದು ಸಲದ್ದು 4 ಗಂಟೆಯಿಂದ 72 ಗಂಟೆವರೆಗೆ ಇರುತ್ತೆ. ಸಾದಾ ನೋವಿನ ಮಾತ್ರೆ ತಿಂಗಳಿಗೆ 15 ದಿನ, ಬೆರಕೆ ಮಾತ್ರೆ ಆದರೆ 10 ದಿನ, ಹೀಗೆ ಮೂರು ತಿಂಗಳು ಮೀರಿ ತಗೊಂಡ್ರೆ ಆ ಮಾತ್ರೆಯೇ ತಲೆನೋವು ತರೋಕೆ ಶುರು ಮಾಡುತ್ತೆ. ಕಳೆಗೆ ಅಂತ ಹೊಡೆದ ಔಷಧಿ ಬೆಳೆಯನ್ನೇ ಸುಟ್ಟ ಹಾಗೆ. ಅದನ್ನ ನಿಲ್ಲಿಸದೆ ಬೇರೆ ಏನು ಮಾಡಿದರೂ ಪ್ರಯೋಜನ ಕಡಿಮೆ.

ನಿಲ್ಲಿಸಿದ ಮೊದಲ ಎರಡು ವಾರ ನರಕ. ಅರಿಶಿನ ಬೇಯಿಸೋ ಕಾಲ ಬೇರೆ. ನಾನು, ನಮ್ಮವ್ವ ಅಡುಗೆ ಮಾಡ್ಕೊಂಡು, ಹಾಲು ಕರ್ಕೊಂಡು ಹೆಂಗೋ ತಳ್ಳಿದ್ವಿ. ಮೂರನೇ ವಾರಕ್ಕೆ ಅವಳು ಬೆಳಗ್ಗೆ ಎದ್ದು "ಇವತ್ತು ತಲ ಹಗೂರ ಅದ" ಅಂದಳು. ಮಾತ್ರೆ ಇಲ್ಲದೆ ತಲೆ ಹಗುರ ಇದ್ದದ್ದು ಎಷ್ಟು ವರ್ಷದ ಮೇಲೋ ಏನೋ.

ಈಗ ಕಾಲ ಬದಲಾಗೋ ವಿಷಯಕ್ಕೆ ಬರ್ತೀನಿ. ಡಾಕ್ಟ್ರು ಒಂದು ಡೈರಿ ಬರೀರಿ ಅಂದ್ರು. ನನಗೆ ಹೊಲದ ನೋಟ್ ಪುಸ್ತಕ ಬರೆಯೋ ಅಭ್ಯಾಸ ಇತ್ತಲ್ಲ, ಯಾವ ಮಳೆ ಯಾವತ್ತು ಹುಯ್ತು, ಯಾವತ್ತು ಬಿತ್ತಿದ್ವಿ ಅಂತ. ಅದೇ ಪುಸ್ತಕದ ಪಕ್ಕದ ಸಾಲಿನಲ್ಲಿ ಅವಳ ತಲೆನೋವು ಬರೆದೆ. ಎಷ್ಟು ಹೊತ್ತಿಗೆ ಬಂತು, ಹಿಂದಿನ ರಾತ್ರಿ ನಿದ್ದೆ ಹೆಂಗಿತ್ತು, ಊಟ ಎಷ್ಟೊತ್ತಿಗೆ ಮಾಡಿದ್ಲು, ಏನು ಕೆಲಸ, ಮುಟ್ಟಿನ ದಿನವಾ, ಮಾತ್ರೆ ತಗೊಂಡ್ಲಾ. ಭರಣಿಯಿಂದ ಸ್ವಾತಿವರೆಗೆ, ಮತ್ತೆ ಶಿವರಾತ್ರಿಯಿಂದ ಯುಗಾದಿವರೆಗೆ, ಎರಡು ವರ್ಷ.

ಎರಡು ವರ್ಷ ಆದ ಮೇಲೆ ಪುಸ್ತಕ ತಿರುವಿ ಹಾಕಿದಾಗ ನನಗೇ ಆಶ್ಚರ್ಯ ಆಯ್ತು. ಹೌದು, ಕಾಲ ತಿರುಗೋ ಹೊತ್ತಿಗೆ ತಲೆನೋವು ಗುಂಪಾಗಿ ಬರ್ತಾ ಇತ್ತು. ಆದರೆ ಬರೀ ಮೋಡ ಕಟ್ಟಿದ ದಿನ ಬಂದದ್ದು ಕಡಿಮೆ. ಹೆಚ್ಚು ಸಲ ಮೋಡದ ಜೊತೆಗೆ ಇನ್ನೊಂದು ಏನೋ ಇತ್ತು.

ಶಿವರಾತ್ರಿ ತಗೊಳ್ಳಿ. ಶಿವರಾತ್ರಿ ಆಯ್ತು, ಬಿಸಿಲು ಏರ್ತು, ತಲೆನೋವು ಬಂತು ಅಂತೀವಿ. ಅವಳು ಹಿಂದಿನ ದಿನ ಪೂರ್ತಿ ಉಪವಾಸ, ರಾತ್ರಿ ಪೂರ್ತಿ ಜಾಗರಣೆ. ನಮ್ಮ ಜಿಲ್ಲೆಯಿಂದ ಎಷ್ಟು ಜನ ಮಾದಪ್ಪನ ಬೆಟ್ಟಕ್ಕೆ ನಡ್ಕೊಂಡು ಹೋಗ್ತಾರೆ, ಬಿಸಿಲಲ್ಲಿ, ನೀರು ಸಾಲದೆ. ತಲೆನೋವು ತರೋಕೆ ಇಷ್ಟು ಸಾಕಲ್ಲ, ಬಿಸಿಲಿನ ಮೇಲೆ ಯಾಕೆ ಹಾಕಬೇಕು? ಭಕ್ತಿ ಬೇಡ ಅಂತಿಲ್ಲ ನಾನು. ಅವಳು ಈಗಲೂ ಶಿವರಾತ್ರಿ ಮಾಡ್ತಾಳೆ, ಹಾಲು ಹಣ್ಣು ತಗೋತಾಳೆ, ಹನ್ನೆರಡು ಗಂಟೆಗೆ ಮಲಗ್ತಾಳೆ. ಮಾದಪ್ಪ ಏನೂ ಮುನಿಸ್ಕೊಂಡಿಲ್ಲ.

ಆಮೇಲೆ ಮೃಗಶಿರ, ಆರಿದ್ರಾ. ವಯನಾಡಿನ ಕಡೆ ಮಳೆ ಹಿಡಿದರೆ ನಮಗೆ ಬರೋದು ಗಾಳಿ, ನಡುನಡುವೆ ಕಣ್ಣು ಕುಕ್ಕೋ ಬಿಸಿಲು. ಆಗಲೇ ಸಣ್ಣ ಈರುಳ್ಳಿ ಕಿತ್ತು, ಕೂತು ದಂಟು ಕೊಯ್ದು ಹಸನು ಮಾಡೋ ಕೆಲಸ. ಆಗಲೇ ಚೆಂಡು ಹೂ ಕೀಳೋದು. ಹೈವೇ ಪಕ್ಕ ಕಾರು ನಿಲ್ಲಿಸಿ ಫೋಟೋ ತೆಗೆಸ್ಕೊಳ್ಳೋರಿಗೆ ಆ ಹಳದಿ ಬಹಳ ಚೆಂದ. ಬೆಳಗ್ಗೆ ಆರರಿಂದ ಮಧ್ಯಾಹ್ನ ಎರಡರವರೆಗೆ ಅದರೊಳಗೆ ಬಗ್ಗಿ ನಿಂತವರಿಗೆ ಆ ಬೆಳಕು, ಆ ಘಾಟು ವಾಸನೆ ಏನು ಮಾಡುತ್ತೆ ಅಂತ ಅವರಿಗೇ ಗೊತ್ತು. ತಿಂಡಿ ಹನ್ನೊಂದು ಗಂಟೆಗೆ. ನೀರು ಕುಡಿಯಲ್ಲ, ಯಾಕೆ ಅಂದ್ರೆ ಹೊಲದಲ್ಲಿ ಹೆಂಗಸರಿಗೆ ಮರೆ ಇಲ್ಲ. ಇದನ್ನ ನಮ್ಮ ಮನೆಯವಳು ನನಗೆ ಹೇಳಿದ್ದು ಮದುವೆಯಾಗಿ ಇಪ್ಪತ್ತು ವರ್ಷ ಕಳೆದ ಮೇಲೆ, ಡೈರಿ ಬರೆಯುವಾಗ.

ಇನ್ನು ರಾತ್ರಿ ನಿದ್ದೆ. ಕಾಡಂಚಿನ ಊರಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಜೋಳ ತೆನೆ ಬಿಟ್ಟ ಮೇಲೆ, ರಾಗಿ ಹಾಲುಗಾಳಾದ ಮೇಲೆ ಆನೆ, ಹಂದಿ ಕಾಯೋಕೆ ನಾವು ಅಟ್ಟಣೆ ಮೇಲೆ. ಮನೆಯಲ್ಲಿರೋರು ನಿದ್ದೆ ಮಾಡ್ತಾರೆ ಅಂತ ನಾವು ತಿಳ್ಕೊಂಡಿರ್ತೀವಿ. ಒಂದೊಂದು ಪಟಾಕಿ ಸದ್ದಿಗೂ ಅವರು ಎದ್ದು ಕೂರ್ತಾರೆ. ಮೋಟಾರಿಗೆ ತ್ರೀ ಫೇಸ್ ಕರೆಂಟು ರಾತ್ರಿ ಕೊಟ್ಟರೆ ಅದಕ್ಕೂ ಏಳಬೇಕು. ಪುಸ್ತಕದಲ್ಲಿ ಹಸ್ತ, ಚಿತ್ತ ಮಳೆ ಹೊತ್ತಿನ ತಲೆನೋವು ಮುಕ್ಕಾಲು ಪಾಲು ನಿದ್ದೆಗೆಟ್ಟ ರಾತ್ರಿಯ ಮಾರನೇ ದಿನದವು.

ಹಾಗಾದ್ರೆ ಹವಾಮಾನದ್ದು ಏನೂ ಇಲ್ಲವಾ? ಇದೆ. ಅಮೆರಿಕದ ಬಾಸ್ಟನ್ನಿನ ಒಂದು ಆಸ್ಪತ್ರೆಗೆ ತಲೆನೋವು ಅಂತ ತುರ್ತಾಗಿ ಬಂದ 7,000ಕ್ಕೂ ಹೆಚ್ಚು ಜನರ ಲೆಕ್ಕ ಇಟ್ಟು 2009ರಲ್ಲಿ ಒಂದು ಅಧ್ಯಯನ ಪ್ರಕಟ ಮಾಡಿದ್ರಂತೆ, ಮಗ ಫೋನಿನಲ್ಲಿ ಹುಡುಕಿ ಓದಿ ಹೇಳಿದ. ಹಿಂದಿನ ದಿನ ಬಿಸಿ 5 ಡಿಗ್ರಿ ಏರಿದರೆ ಹಾಗೆ ಬರೋರು ಸುಮಾರು 7.5 ಪರ್ಸೆಂಟ್ ಹೆಚ್ಚು. ಇದೆ, ಆದರೆ ನಾವು ಅಂದ್ಕೊಂಡಷ್ಟು ಇಲ್ಲ. ಮಳೆ, ಗಾಳಿ, ಬಿಸಿಲು ನಮ್ಮ ಕೈಯಲ್ಲಿಲ್ಲ. ಊಟದ ಹೊತ್ತು, ನೀರು, ನಿದ್ದೆ ಅರ್ಧಕ್ಕರ್ಧ ನಮ್ಮ ಕೈಯಲ್ಲಿದೆ. ನನ್ನ ಅಭಿಪ್ರಾಯದಲ್ಲಿ ನಾವು ಎಲ್ಲವನ್ನೂ ಮಳೆ ಮೇಲೆ ಹಾಕೋದೇ ಈ ಅರ್ಧವನ್ನ ನೋಡೋಕೆ ಮನಸ್ಸಿಲ್ಲದೆ. ಮಳೆ ಕಾರಣ ಅಂದ್ಬಿಟ್ರೆ ಯಾರೂ ಏನೂ ಮಾಡಬೇಕಾಗಿಲ್ಲ ನೋಡಿ. ಗಂಡಸರಂತೂ ಮೊದಲೇ ಏನೂ ಮಾಡಬೇಕಾಗಿಲ್ಲ.

ನಮ್ಮನೆಯಲ್ಲಿ ಮಾಡ್ಕೊಂಡ ಬದಲಾವಣೆ ದೊಡ್ಡದೇನಲ್ಲ. ಹೂ ಕೀಳೋಕೆ ಹೋಗೋ ಮುಂಚೆ ಎಲ್ಲರಿಗೂ ಒಂದು ಮುದ್ದೆಯಾದರೂ ಆಗಬೇಕು. ಎರಡು ಲೀಟರ್ ನೀರು, ಉಪ್ಪು ಹಾಕಿದ ಮಜ್ಜಿಗೆ. ಬದುವಿನಲ್ಲಿ ನಾಲ್ಕು ಗಳ ನೆಟ್ಟು ಹಳೇ ಟಾರ್ಪಲ್ ಕಟ್ಟಿ ಹೆಂಗಸರಿಗೆ ಮರೆ ಮಾಡಿದ್ದೀನಿ. ನಾನು ಈ ಐದಾರು ವರ್ಷದಲ್ಲಿ ಮಾಡಿದ ಅತಿ ಕಡಿಮೆ ಖರ್ಚಿನ ಒಳ್ಳೇ ಕೆಲಸ ಅದೇ. ಆಳುಗಳೂ ನಮ್ಮ ಹೊಲಕ್ಕೆ ಮೊದಲು ಬರ್ತಾರೆ ಈಗ. ಅಗಲ ಅಂಚಿನ ಟೋಪಿ ಹಾಕ್ಕೋ ಅಂದ್ರೆ ಮೊದಲು ನಾಚ್ಕೊಂಡಳು, ಈಗ ಅದಿಲ್ಲದೆ ಹೋಗಲ್ಲ. ಟೀ ದಿನಕ್ಕೆ ಎರಡೇ, ಅದೇ ಹೊತ್ತಿಗೆ. ಇವತ್ತು ಆರು, ನಾಳೆ ಒಂದೂ ಇಲ್ಲ ಅಂತ ಮಾಡಿದರೂ ತಲೆನೋವು ಬರುತ್ತೆ.

ಇಷ್ಟರಿಂದಲೇ ಪೂರ್ತಿ ಹೋಯ್ತು ಅಂದ್ಕೋಬೇಡಿ. ಔಷಧವೂ ಬೇಕಾಯ್ತು. ಅದರಲ್ಲಿ ಎರಡು ತರಹ. ಒಂದು, ಬಂದಾಗ ತಗೊಳ್ಳೋದು. ಇದನ್ನ ಶುರುವಿನಲ್ಲೇ ತಗೋಬೇಕು. ಮೈಗ್ರೇನ್ ಜೋರಾದ ಮೇಲೆ ಹೊಟ್ಟೆ ಕೆಲಸ ನಿಧಾನ ಆಗುತ್ತೆ, ಮಾತ್ರೆ ರಕ್ತಕ್ಕೆ ಸೇರೋದು ತಡ, ಅಷ್ಟರಲ್ಲಿ ವಾಂತಿ. ನಮ್ಮ ಹೆಂಗಸರು ಮಾಡೋದು ತಿರುಗುಮುರುಗು, ತಡೆಯೋವರೆಗೂ ತಡೆದು ಕೊನೆಗೆ ನುಂಗ್ತಾರೆ. ಪ್ಯಾರಾಸಿಟಮಾಲ್, ಐಬುಪ್ರೊಫೆನ್, ನ್ಯಾಪ್ರೋಕ್ಸೆನ್ ಇಂಥವು, ಜೊತೆಗೆ ವಾಂತಿ ನಿಲ್ಲೋ ಮಾತ್ರೆ. ಅದಕ್ಕೂ ಬಗ್ಗದಿದ್ದರೆ ಸುಮಾಟ್ರಿಪ್ಟಾನ್, ರಿಜಾಟ್ರಿಪ್ಟಾನ್ ಅಂತ ಮೈಗ್ರೇನಿಗೇ ಇರೋ ಮಾತ್ರೆ ಇದೆ, ಆದರೆ ಹೃದಯದ ಕಾಯಿಲೆ, ಲಕ್ವ ಆದವರಿಗೆ ಅದು ಕೊಡೋ ಹಾಗಿಲ್ಲ. ಎಷ್ಟು, ಯಾವುದು ಅನ್ನೋದನ್ನ ಡಾಕ್ಟ್ರೇ ಹೇಳಬೇಕು.

ಇನ್ನೊಂದು, ಬಾರದಂತೆ ತಡೆಯೋದು. ತಿಂಗಳಿಗೆ ನಾಲ್ಕಕ್ಕಿಂತ ಹೆಚ್ಚು ದಿನ ಮಲಗಿಸೋ ತಲೆನೋವು ಇದ್ದರೆ ಇದನ್ನ ಡಾಕ್ಟ್ರ ಹತ್ತಿರ ಕೇಳಲೇಬೇಕು. ಪ್ರೊಪ್ರನಲಾಲ್, ಅಮಿಟ್ರಿಪ್ಟಿಲಿನ್, ಟೋಪಿರಮೇಟ್, ಫ್ಲುನರಿಜಿನ್ ಅಂತ ಹಲವು ಇವೆ. ಹೆಸರು ಬರೆದಿದ್ದೀನಿ ಅಂತ ಅಂಗಡಿಗೆ ಹೋಗಿ ಕೇಳಬೇಡಿ ದಯವಿಟ್ಟು. ಉಬ್ಬಸ ಇರೋರಿಗೆ ಮೊದಲನೇದು ಆಗಲ್ಲ, ಬಸಿರಾಗೋ ವಯಸ್ಸಿನ ಹೆಣ್ಣುಮಕ್ಕಳಿಗೆ ಟೋಪಿರಮೇಟ್ ಆಗಲ್ಲ, ಒಬ್ಬೊಬ್ಬರಿಗೆ ಒಂದೊಂದು. ಇವು ತಲೆನೋವು ಬಂದಾಗ ನುಂಗೋ ಮಾತ್ರೆ ಅಲ್ಲ, ದಿನಾ ತಗೋಬೇಕು, ಗುಣ ಗೊತ್ತಾಗೋಕೆ ಆರೆಂಟು ವಾರ ಬೇಕು. ಎಷ್ಟೋ ಜನ ಹತ್ತು ದಿನ ನುಂಗಿ ಏನೂ ಆಗಲಿಲ್ಲ ಅಂತ ಬಿಸಾಡ್ತಾರೆ. ನಮ್ಮ ಪುಸ್ತಕ ನೋಡಿದ ಮೇಲೆ ಡಾಕ್ಟ್ರು ಯುಗಾದಿ ಹೊತ್ತಿಗೇ ಶುರು ಮಾಡಿಸಿ, ಕಾಟ ಹೆಚ್ಚಿರೋ ತಿಂಗಳು ಕಳೆದ ಮೇಲೆ ನಿಧಾನವಾಗಿ ಇಳಿಸಿದ್ರು. ಮಳೆ ಬಂದ ಮೇಲೆ ಬಿತ್ತನೆ ಬೀಜ ಹುಡುಕಿದ್ರೆ ಆಗುತ್ತಾ? ಇದೂ ಹಾಗೇ. ಅವಳಿಗೆ ತಿಂಗಳಿಗೆ ಏಳೆಂಟು ದಿನ ಇದ್ದದ್ದು ಈಗ ಒಂದು, ಎರಡು. ಕೆಲವು ತಿಂಗಳು ಇಲ್ಲ. ಪೂರ್ತಿ ಹೋಗಿಲ್ಲ, ಹೋಗುತ್ತೆ ಅಂತ ಡಾಕ್ಟ್ರೂ ಹೇಳಿಲ್ಲ.

ಇದೆಲ್ಲ ಪೇಟೆಯವರ ಕಾಯಿಲೆ, ನಮಗ್ಯಾಕೆ ಅನ್ನೋರಿಗೆ ಒಂದು ಲೆಕ್ಕ. ನಿಮ್ಹಾನ್ಸ್‌ನವರು ಬೆಂಗಳೂರಿನ ಸುತ್ತ ಪೇಟೆ, ಹಳ್ಳಿ ಎರಡೂ ಕಡೆ ಮನೆಮನೆಗೆ ಹೋಗಿ 18ರಿಂದ 65 ವರ್ಷದ 2,329 ಜನರನ್ನ ಕೇಳಿ ಮಾಡಿದ ಅಧ್ಯಯನ 2015ರಲ್ಲಿ ಪ್ರಕಟವಾಗಿದೆ. ಒಂದು ವರ್ಷದಲ್ಲಿ ಮೈಗ್ರೇನ್ ಬಂದವರು ನೂರಕ್ಕೆ 25. ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು, ಪೇಟೆಗಿಂತ ಹಳ್ಳಿಯಲ್ಲಿ ಹೆಚ್ಚು. ಹೆಚ್ಚು ಕಾಡೋದು 35ರಿಂದ 45ರ ವಯಸ್ಸಿನಲ್ಲಿ, ಅಂದ್ರೆ ಹೊಲ ಮನೆ ಎರಡನ್ನೂ ಹೊತ್ಕೊಂಡಿರೋ ವಯಸ್ಸಿನಲ್ಲಿ. ನಿಮ್ಮ ಹೊಲಕ್ಕೆ ಎಂಟು ಜನ ಆಳು ಬಂದ್ರೆ ಅದರಲ್ಲಿ ಇಬ್ಬರಿಗೆ ಇರಬಹುದು. ಅವರು ಹೇಳಲ್ಲ, ಹೇಳಿದರೆ ಕೂಲಿ ಹೋಗುತ್ತೆ.

ದುಡ್ಡು ಎಲ್ಲಿ ಅಂತೀರಿ. ನಾವು ಮೈಸೂರಿಗೆ ಹೋಗಿದ್ದು ಗೊತ್ತಿಲ್ಲದೆ. ಮೊದಲು ನಿಮ್ಮ ಪಿಎಚ್‌ಸಿ ಡಾಕ್ಟ್ರಿಗೆ ತೋರಿಸಿ. ಸರ್ಕಾರ, ನಿಮ್ಹಾನ್ಸ್ ಸೇರಿ ಮೆದುಳು ಆರೋಗ್ಯ ಕಾರ್ಯಕ್ರಮ ಅಂತ ಕೋಲಾರ, ಚಿಕ್ಕಬಳ್ಳಾಪುರ, ಬೆಂಗಳೂರಿನ ಜಯನಗರದಲ್ಲಿ ಮೊದಲು ಶುರು ಮಾಡಿ ಆಮೇಲೆ ಬೇರೆ ಜಿಲ್ಲೆಗಳಿಗೂ ತಂದಿದ್ದಾರೆ. ತಲೆನೋವು, ಮೂರ್ಛೆ, ಲಕ್ವ, ಮರೆವು ಇವಕ್ಕೇ ಇರೋದು ಅದು. ಚಾಮರಾಜನಗರದ ದೊಡ್ಡಾಸ್ಪತ್ರೆಯಲ್ಲಿ ಯಾವ ದಿನ ನೋಡ್ತಾರೆ ಅಂತ ಆಶಾ ಕಾರ್ಯಕರ್ತೆಯ ಹತ್ತಿರ ವಿಚಾರಿಸಿ ಹೋಗಿ. ನಾನು ಮೇಲೆ ಹೇಳಿದ ಮಾತ್ರೆಗಳು ಹಳೇ ಔಷಧಗಳು, ಜನೌಷಧಿ ಅಂಗಡಿಯಲ್ಲಿ ಸಿಕ್ಕಿದರೆ ಇನ್ನೂ ಅಗ್ಗ. ಹೋಗುವಾಗ ಡೈರಿ ಮರೀಬೇಡಿ. ಡೈರಿ ಇದ್ದರೆ ಐದು ನಿಮಿಷದಲ್ಲಿ ಡಾಕ್ಟ್ರಿಗೆ ಗೊತ್ತಾಗುತ್ತೆ, ಇಲ್ಲದಿದ್ದರೆ "ಯಾವಾಗ್ಲೂ ಬತ್ತದ" ಅಂತ ಹೇಳಿ ಮತ್ತೆ ಅದೇ ಮಾತ್ರೆ ಪಟ್ಟಿ ಹಿಡ್ಕೊಂಡು ಬರ್ತೀರಿ.

ಒಂದು ಎಚ್ಚರಿಕೆ ಮಾತ್ರ ಹೇಳಿಬಿಡ್ತೀನಿ. ಎಲ್ಲ ತಲೆನೋವೂ ಮೈಗ್ರೇನ್ ಅಲ್ಲ. ಔಷಧಿ ಹೊಡೆದು ಬಂದ ಮೇಲೆ ತಲೆನೋವು, ಜೊಲ್ಲು, ಬೆವರು, ಕಣ್ಣು ಮಂಜು, ವಾಂತಿ ಅಂದ್ರೆ ಅದು ವಿಷ. ಬಟ್ಟೆ ಬಿಚ್ಚಿ ಮೈ ತೊಳೆಸಿ, ಔಷಧಿ ಬಾಟಲಿ ಸಮೇತ ತಕ್ಷಣ ಆಸ್ಪತ್ರೆಗೆ. ಸಿಡಿಲು ಹೊಡೆದ ಹಾಗೆ ಒಂದೇ ಸಲಕ್ಕೆ ಬಂದ ನೋವು, ಜ್ವರದ ಜೊತೆ ಕತ್ತು ಬಗ್ಗಿಸೋಕೆ ಆಗದ್ದು, ಕೈಕಾಲು ಸೋಲು, ಮಾತು ತೊದಲೋದು, ಫಿಟ್ಸ್, ತಲೆಗೆ ಪೆಟ್ಟು ಬಿದ್ದ ಮೇಲಿನ ನೋವು, ಇವಕ್ಕೂ ಕಾಯೋ ಹಾಗಿಲ್ಲ. ಐವತ್ತು ದಾಟಿದ ಮೇಲೆ ಜೀವಮಾನದಲ್ಲಿ ಮೊದಲ ಸಲ ಇಂಥ ತಲೆನೋವು ಶುರುವಾದರೂ ತೋರಿಸಲೇಬೇಕು. ಇನ್ನು, ನೋವಿಗೆ ಮುಂಚೆ ಕಣ್ಣ ಮುಂದೆ ಅಂಕುಡೊಂಕು ಮಿಂಚು ಕಾಣೋ ಹೆಣ್ಣುಮಕ್ಕಳು ಗರ್ಭ ನಿಲ್ಲದ ಮಾತ್ರೆ ತಗೋತಾ ಇದ್ದರೆ ಅದನ್ನ ಡಾಕ್ಟ್ರಿಗೆ ಹೇಳಬೇಕು, ಕೆಲವು ಮಾತ್ರೆಯಿಂದ ಲಕ್ವದ ಅಪಾಯ ಇದೆ. ಸೊಸೆ ಇದನ್ನ ಮಾವನಿಗೆ ಹೇಳಲ್ಲ, ಆದ್ದರಿಂದ ಈ ಬರಹ ಮನೆಯ ಹೆಂಗಸರಿಗೂ ಓದೋಕೆ ಕೊಡಿ.

ನಿನ್ನೆ ರಾತ್ರಿ ಮನೆಗೆ ಬಂದು ಪಕ್ಕದ ಮನೆ ವಿಷಯ ಹೇಳಿದೆ. ನಮ್ಮ ಮನೆಯವಳು ಊಟಕ್ಕೂ ಕೂರದೆ ಎದ್ದು ಹೋದಳು. ಕೂಸನ್ನ ಎತ್ಕೊಂಡು ಬಂದು ನಮ್ಮನೇಲೇ ಮಲಗಿಸ್ಕೊಂಡಳು. ಆ ಹುಡುಗಿ ಇವಳ ಹತ್ತಿರ ಏನು ಹೇಳಿದ್ಲು ಅಂತ ಕೇಳಿದ್ದಕ್ಕೆ "ಗಂಟ್ನಲ್ಲಿ ಮಾತ್ರ ಅದ" ಅಂತ ಅಷ್ಟೇ ಅಂದಳು. ಅದೇ ಪಟ್ಟಿ, ಅದೇ ಬಣ್ಣ.

ಸೋಮವಾರ ನಾನು ಚಾಮರಾಜನಗರಕ್ಕೆ ಹೋಗೋದಿದೆ. ಅವನನ್ನೂ ಸೊಸೆಯನ್ನೂ ಕರ್ಕೊಂಡು ಹೋಗ್ತೀನಿ ಅಂತ ಹೇಳಿ ಕಳಿಸಿದ್ದೀನಿ. ನೋಡೋಣ ಅಂದಿದ್ದಾನೆ. ಮಗನ ಹಳೇ ನೋಟ್ ಪುಸ್ತಕ ಒಂದರಲ್ಲಿ ನಮ್ಮ ಮನೆಯವಳು ಗೆರೆ ಎಳೆದು, ದಿನ, ನಿದ್ದೆ, ಊಟ, ಮಾತ್ರೆ ಅಂತ ಬರೆದು ಇಟ್ಟಿದ್ದಾಳೆ. ಇಷ್ಟೆಲ್ಲ ಗಲಾಟೆಯಲ್ಲಿ ಟಿಲ್ಲರ್ ಕೇಳೋದೇ ಮರೆತುಬಿಟ್ಟೆ.